ಜಪಾನಿನ ಸಂಗೀತಗಾರ ನೊಬುಕಾಝು ತಾಕೆಮುರಾ ಮ್ಯೂಸಿಕ್ಕಲ್ಲಿ ಸಿಡಿ ಕೆಟ್ಟೋದಂಗೆ ಕೇಳ್ಸುತ್ತೆ, ಆದ್ರೂ ಕನಸಿನ ತರ, ಮಕ್ಕಳಾಟದ ತರ ಇರುತ್ತೆ. ಹೆಂಗೆ? ಎಲ್ಲಿಂದ ಶುರು ಮಾಡ್ಲಿ?

ಎರಡನೇ ಪ್ರಶ್ನೆಗೆ ಕೊನೇಲಿ ಬರ್ತೀನಿ, ಮೊದಲನೇದಕ್ಕೆ ಸ್ವಲ್ಪ ಉದ್ದ ಬರೀಬೇಕು, ಯಾಕಂದ್ರೆ ನಂಗೆ ಇವ್ರ ಮೇಲೆ ಇರೋ ಪ್ರೀತಿಯೆಲ್ಲಾ ಆ ಸಿಡಿ ತೊದಲೋ ಜಾಗದಲ್ಲೇ ಇರೋದು.

ಸಿಡೀಲಿ ಒಂದು ಸೆಕೆಂಡಿನ ಸೌಂಡು 44,100 ಸ್ಯಾಂಪಲ್ (ಅಂದ್ರೆ ಸೌಂಡಿನ ಪುಟ್ಟ ಪುಟ್ಟ ಅಳತೆ) ಆಗಿ ಕೂತಿರುತ್ತೆ, ಲೇಸರ್ ಅದನ್ನ ಓದ್ಕೊಂಡು ಹೋಗುತ್ತೆ. ಸಣ್ಣ ಗೀರಿದ್ರೆ ಪ್ಲೇಯರ್ರೇ ಸರಿಮಾಡ್ಕೊಂಡು ಮುಂದೆ ಹೋಗುತ್ತೆ, ನಮ್ಗೆ ಗೊತ್ತೂ ಆಗಲ್ಲ, ಆದ್ರೆ ಗೀರು ದೊಡ್ಡದಾದ್ರೆ ಲೇಸರ್ ದಾರಿ ತಪ್ಪಿ ಅಲ್ಲಲ್ಲೇ ಹಾರುತ್ತೆ, ಒಂದೇ ಚೂರು ಟಕಟಕಟಕ ಅಂತ ಬರ್ತಾನೇ ಇರುತ್ತೆ. ಇದನ್ನ ಸಂಗೀತ ಮಾಡಿದ್ರಲ್ಲಿ ತಾಕೆಮುರಾ ಮೊದಲನೆಯವರೇನಲ್ಲ. ಜಪಾನಿನ ಕಲಾವಿದ ಯಾಸುನಾವೊ ಟೋನೆ 1980ರ ದಶಕದಲ್ಲೇ ತೂತು ಚುಚ್ಚಿದ ಸ್ಕಾಚ್ ಟೇಪನ್ನ ಸಿಡಿಗೆ ಅಂಟಿಸಿ ನುಡಿಸ್ತಿದ್ರು, ಆಮೇಲೆ ಜರ್ಮನಿಯ ಓವಲ್ ಅನ್ನೋ ಎಲೆಕ್ಟ್ರಾನಿಕ್ ಮ್ಯೂಸಿಕ್ ಗುಂಪಿನವ್ರು ಕೂಡ ಇದೇ ದಾರೀಲಿ ಹೋದ್ರು. ಟೋನೆ ಅವ್ರದ್ದು ಕೇಳಿ, ಮೆಷೀನು ಒಡೆದು ಚೂರಾಗೋ ಸದ್ದು ಅದು, ಕಿವಿಗೆ ಹೊಡೀತದೆ.

ತಾಕೆಮುರಾ ಬೇರೆ ಆಗೋದು ತೊದಲೋಕೆ ಯಾವ ಸ್ವರ ಕೊಡ್ತಾರೆ ಅನ್ನೋದ್ರಲ್ಲಿ. ಆರ್ಗನ್ನು, ಲೋಹದ ಪಟ್ಟಿಗಳನ್ನ ಬಡಿದು ನುಡಿಸೋ ವೈಬ್ರಾಫೋನು, ಪುಟ್ಟ ಗಂಟೆ ತರದ ಸೌಂಡುಗಳು, ಅಂದ್ರೆ ಗುಂಡಗೆ ಇರೋ, ಚೂಪಿಲ್ಲದ ಸ್ವರಗಳು. ಅವನ್ನ ಎಷ್ಟು ಸಣ್ಣಗೆ ಕತ್ತರಿಸಿದ್ರೂ ಕಿವಿಗೆ ಚುಚ್ಚಲ್ಲ. ಎಷ್ಟೋ ಕಡೆ ಡ್ರಮ್ಮೇ ಇರಲ್ಲ, ತಾಳ ಹಿಡ್ಕೊಳೋಕೆ ನಮ್ಗೆ ಏನೂ ಸಿಗಲ್ಲ, ಹಂಗಾಗಿ ಹೊತ್ತು ಎಷ್ಟಾಯ್ತು ಅನ್ನೋದೇ ಮರೆತುಹೋಗುತ್ತೆ, ಕನಸು ಅನ್ಸೋದು ಅಲ್ಲೇ ಅನ್ನೋದು ನನ್ನ ಲೆಕ್ಕ. ಇನ್ನು ಆಟ ಅನ್ಸೋದು ಯಾಕಂದ್ರೆ ರಿಪೀಟು ಒಂದೇ ಅಳತೇಲಿ ಬರಲ್ಲ, ಮೂರು ಸಲ ಬಂದು ನಿಲ್ಲುತ್ತೆ, ಆಮೇಲೆ ಏಳು, ಆಮೇಲೆ ಅರ್ಧಕ್ಕೇ ಬಿಟ್ಟು ಇನ್ನೊಂದ್ಕಡೆ ಓಡುತ್ತೆ, ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಆಡೋ ಮಗೂಗೆ ಯಾವಾಗ ಸಾಕು ಅನ್ಸುತ್ತೋ ಯಾರಿಗ್ಗೊತ್ತು, ಅದೇ ತರ.

ಇವ್ರು 1968ರಲ್ಲಿ ಒಸಾಕಾ ಪ್ರಾಂತ್ಯದ ಹಿರಾಕಾಟಾದಲ್ಲಿ ಹುಟ್ಟಿದವ್ರು, ಶುರು ಮಾಡಿದ್ದು ಹಿಪ್‌ಹಾಪ್ ಡಿಜೆ ಆಗಿ. ಡಿಜೆ ಕೈ ರೆಕಾರ್ಡನ್ನ ಹಿಂದಕ್ಕೆಳೆದು ಒಂದೇ ಚೂರನ್ನ ಮತ್ತೆ ಮತ್ತೆ ನುಡಿಸುತ್ತಲ್ಲ, ಲೇಸರ್ ದಾರಿ ತಪ್ಪಿದಾಗ ಆಗೋದೂ ಅದೇ, ಕೈ ಮಾತ್ರ ಇಲ್ಲ. ಅದಕ್ಕೇ ನಂಗೆ ಇವ್ರ ಹಳೇ ಜಾಝ್ ಥರದ ಕೆಲಸಕ್ಕೂ ಈ ತೊದಲೋ ಕೆಲಸಕ್ಕೂ ದೊಡ್ಡ ಅಂತರ ಕಾಣಲ್ಲ. ಇನ್ನೊಂದು ಬೇರು ಸ್ಟೀವ್ ರೈಶ್, ಸಣ್ಣ ಚೂರುಗಳನ್ನ ರಿಪೀಟ್ ಮಾಡಿ ಮಾಡಿ ದೊಡ್ಡದು ಕಟ್ಟೋ ಅಮೆರಿಕನ್ ಕಂಪೋಸರ್. ರೈಶ್ ಕೃತಿಗಳನ್ನ ಬೇರೆಯವ್ರು ಹೊಸದಾಗಿ ಕಟ್ಟಿದ, 1999ರಲ್ಲಿ ಬಂದ ರೀಮಿಕ್ಸ್ ಆಲ್ಬಮ್ಮಲ್ಲಿ ತಾಕೆಮುರಾ ಮಾಡಿದ್ದೂ ಒಂದಿದೆ.

ಅದೇ 1999ರಲ್ಲಿ ಸೋನಿಯವ್ರು ಐಬೊ ಅನ್ನೋ ರೋಬೋಟ್ ನಾಯಿ ಮಾರೋಕೆ ಶುರು ಮಾಡಿದ್ರು, ಅದರ ಸೌಂಡುಗಳನ್ನ ಮಾಡಿದ್ದು ತಾಕೆಮುರಾನೇ. ಮಾತು ಬಾರದ ಮೆಷೀನು ಖುಷಿ ಬೇಜಾರು ಎರಡನ್ನೂ ನಾಲ್ಕೈದು ಸ್ವರದಲ್ಲೇ ಹೇಳ್ಬೇಕು, ಅದು ಪ್ರಾಣಿ ಥರಾನೂ ಇರ್ಬೇಕು, ಮೆಷೀನ್ ಥರಾನೂ ಇರ್ಬೇಕು. ಇವ್ರಿಗಿಂತ ಸರಿಯಾದ ಆಳು ಯಾರು ಸಿಗ್ತಿದ್ರು ಹೇಳಿ! ಇವ್ರ ಮ್ಯೂಸಿಕ್ಕನ್ನ ಬರೀ ಕ್ಯೂಟ್ ಅಂದು ಮುಗಿಸೋರನ್ನ ಕಂಡ್ರೆ ನಂಗೆ ಬೇಜಾರಾಗೋದು ಇದಕ್ಕೇ, ಇಷ್ಟು ಕಮ್ಮೀಲಿ ಇಷ್ಟು ಹೇಳೋದು ತುಂಬಾ ಕಷ್ಟದ ಕೆಲಸ.

ಸರಿ, ಎಲ್ಲಿಂದ ಶುರು ಮಾಡೋದು. 1994ರ 'ಚೈಲ್ಡ್ಸ್ ವ್ಯೂ' ಸುಲಭ, ಜಾಝ್ ಇಷ್ಟ ಇದ್ರೆ ಅದರಿಂದಲೇ ಶುರು ಮಾಡಿ. ಆದ್ರೆ ನೀವು ಕೇಳ್ತಿರೋ ಆ ಸೌಂಡು ಬೇಕಂದ್ರೆ ಶಿಕಾಗೋದ ಥ್ರಿಲ್ ಜಾಕಿ ಲೇಬಲ್ಲಿಂದ ಬಂದ 'ಸ್ಕೋಪ್' (1999), ಅದು ಹೆಚ್ಚು ಒರಟು ಅನ್ನಿಸಿದ್ರೆ 'ಹೊಶಿ ನೊ ಕೊಯೆ' (2001). ಎರಡನೇದು ಇನ್ನೂ ಮೃದು, ನಂಗಂತೂ ಅದೇ ಹೆಚ್ಚು ಇಷ್ಟ. ಒಂದೇ ಒಂದು ಕೇಳ್ಕೊಳ್ಳೋದು, ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಕೆಳಗಿನ ಆರ್ಗನ್ ಸ್ವರ ಪೂರ್ತಿ ಹೋಗ್ಬಿಡುತ್ತೆ, ಬರೀ ಟಕಟಕ ಉಳಿಯುತ್ತೆ, ಆಗ ನಿಜವಾಗ್ಲೂ ಸಿಡಿ ಕೆಟ್ಟಿದೆ ಅನ್ಸುತ್ತೆ.