ಊರಂಚಿನ ಬಿಡಾರಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರುವ ಪತ್ರಗಳಲ್ಲಿ, ನಗರದೊಳಗೆ ಸೂರಿಲ್ಲದೆ ಬದುಕುತ್ತಿರುವ ಅಲೆಮಾರಿ ಮತ್ತು ಬುಡಕಟ್ಟು ಕುಟುಂಬಗಳಿಗೆ ಸೇವೆ ತಲುಪಿಸುವ ಕೆಲಸವನ್ನು ಕುರಿತವುಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಬಳ್ಳಾರಿಯ ಒಂದು ಚಿಕ್ಕ ಸ್ವಯಂಸೇವಾ ತಂಡ. ನಗರದ ವಸತಿರಹಿತರ ಆಶ್ರಯ ಕೇಂದ್ರಕ್ಕೆ ಜನರನ್ನು ಕರೆತರುವ ಹೊಣೆಯನ್ನು ನಮಗೆ ಒಪ್ಪಿಸಿದ್ದಾರೆ. ರೈಲು ಹಳಿಯ ಆಚೆಗೂ ಬೈಪಾಸ್ ರಸ್ತೆಯ ಬದಿಗೂ ಬುಡಗ ಜಂಗಮ, ಶಿಳ್ಳೇಕ್ಯಾತ, ಹರಣಶಿಕಾರಿ ಕುಟುಂಬಗಳು ಟೆಂಟು ಹಾಕಿಕೊಂಡಿವೆ. ಎಷ್ಟು ಕರೆದರೂ ಅವರು ಬರುವುದಿಲ್ಲ. ಮಂಚಗಳು ಖಾಲಿ ಬಿದ್ದಿರುತ್ತವೆ, ಮೇಲಿನವರು ತಿಂಗಳ ಕೊನೆಗೆ ಎಷ್ಟು ಮಂಚ ತುಂಬಿದವು ಎಂದಷ್ಟೇ ಕೇಳುತ್ತಾರೆ. ಈ ಕೆಲಸವನ್ನು ಹೇಗೆ ನಿರ್ವಹಿಸಬೇಕು?
– ತಂಡದ ಸಂಯೋಜಕರು, ಬಳ್ಳಾರಿ

ಉತ್ತರ: ಮಂಚ ಖಾಲಿ ಇದೆಯೆಂದರೆ ಅವರಿಗೆ ಆಶ್ರಯ ಬೇಕಾಗಿಲ್ಲ ಎಂದು ಅರ್ಥವಲ್ಲ. ಆ ಮಂಚವನ್ನು ಒಂಟಿ ಗಂಡಸನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಲಾಗಿದೆ. ನಿಮ್ಮ ಕೇಂದ್ರಕ್ಕೆ ಬರಬೇಕಾದರೆ ಒಂದು ಅಲೆಮಾರಿ ಕುಟುಂಬ ಏನೇನನ್ನು ಬಿಟ್ಟು ಬರಬೇಕಾಗುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಗಂಡ ಒಂದು ಕೋಣೆಗೆ, ಹೆಂಡತಿ ಮಕ್ಕಳು ಇನ್ನೊಂದು ಕೋಣೆಗೆ ಹೋಗಬೇಕು. ಮಾರಲು ತಂದ ಪಿನ್ನು, ರಿಬ್ಬನ್, ಪ್ಲಾಸ್ಟಿಕ್ ಸಾಮಾನಿನ ಮೂಟೆಗೆ ಒಳಗೆ ಜಾಗವಿಲ್ಲ. ಕೋಳಿ, ನಾಯಿ, ತಳ್ಳುಗಾಡಿಗೆ ಹೊರಗೂ ಜಾಗವಿಲ್ಲ. ಒಂದು ರಾತ್ರಿ ಟೆಂಟು ಬಿಚ್ಚಿದರೆ ಬೆಳಗಾಗುವುದರೊಳಗೆ ಆ ಜಾಗ ಮತ್ತೊಬ್ಬರ ಪಾಲಾಗಿರುತ್ತದೆ. ಇಷ್ಟನ್ನು ಕಳೆದುಕೊಂಡು ಒಂದು ಮಂಚವನ್ನು ಪಡೆಯುವುದು ಯಾರಿಗೆ ಆದರೂ ನಷ್ಟದ ವ್ಯವಹಾರವೇ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು 2013ರಲ್ಲಿ ಆರಂಭವಾದಾಗ ರೂಪಿಸಿದ ಮಾರ್ಗಸೂಚಿಯಲ್ಲಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಆಶ್ರಯವಿರಬೇಕೆಂದು ಹೇಳಿದೆಯಲ್ಲದೆ, ಕುಟುಂಬಗಳಿಗೆ ಬೇರೆಯೇ ಬಗೆಯ ಆಶ್ರಯವನ್ನು ಕಟ್ಟಲು ಅವಕಾಶವನ್ನೂ ಕೊಟ್ಟಿದೆ. 2011ರ ಜನಗಣತಿಯಂತೆ ನಾಲ್ಕು ಲಕ್ಷ ದಾಟಿರುವ ಬಳ್ಳಾರಿಗೆ ಈ ಲೆಕ್ಕದಲ್ಲಿ 400 ಜನರ ಆಶ್ರಯ ಬೇಕು. ಅದರಲ್ಲಿ ಒಂದು ಪಾಲನ್ನು ಅಂಗಳವಿರುವ, ಸಾಮಾನಿಗೆ ಬೀಗದ ಕೋಣೆಯಿರುವ, ಕುಟುಂಬ ಒಟ್ಟಿಗಿರಬಹುದಾದ ಕಟ್ಟಡವಾಗಿ ಕೇಳುವುದು ನಿಮ್ಮ ಮೊದಲ ಬೇಡಿಕೆಯಾಗಲಿ.

ಅದು ಆಗುವವರೆಗೆ ಜನರನ್ನು ಕೇಂದ್ರಕ್ಕೆ ತರುವ ಪ್ರಯತ್ನವನ್ನು ಬದಿಗಿಟ್ಟು ಕೇಂದ್ರದ ಸೇವೆಯನ್ನೇ ಬಿಡಾರಕ್ಕೆ ಒಯ್ಯುವುದು ಲೇಸು. ಇಲ್ಲಿ ಕೆಲಸದ ಘಟಕ ಒಬ್ಬ ವ್ಯಕ್ತಿಯಲ್ಲ, ಇಡೀ ಬಿಡಾರ. ನಿಮ್ಮ ದಾಖಲೆ ಪುಸ್ತಕದಲ್ಲಿ ಒಂದೊಂದು ಬಿಡಾರಕ್ಕೆ ಒಂದೊಂದು ಪುಟವಿರಲಿ. ಹಿರಿಯರು ಯಾರು, ಮನೆಮಾತು ಯಾವುದು, ಯಾವ ಊರಿನಿಂದ ಬಂದರು, ಯಾವ ಜಾತ್ರೆ ಅಥವಾ ಯಾವ ಸುಗ್ಗಿಗೆ ಎತ್ತ ಹೊರಡುತ್ತಾರೆ, ಬಸುರಿ ಬಾಣಂತಿಯರು ಯಾರಿದ್ದಾರೆ, ನೀರು ಎಲ್ಲಿಂದ ತರುತ್ತಾರೆ ಎಂಬುದು ಅಲ್ಲಿ ಸೇರಲಿ. ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಬಿಡಾರವೊಂದು ಕಾಣೆಯಾದರೆ ಅದು ಸೇವೆಯಿಂದ ತಪ್ಪಿಸಿಕೊಂಡಿದೆ ಎಂದು ಬರೆಯಬೇಡಿ. ಅದು ಎಲ್ಲಿ ಹೋಗಿದೆ ಎಂದು ತಿಳಿದು, ಬಾಣಂತಿಯ ತಾಯಿ ಕಾರ್ಡು ಅವಳ ಜೊತೆಗೇ ಹೋಗಿದೆಯೇ, ಮಗುವಿನ ಮುಂದಿನ ಲಸಿಕೆ ಕೊಪ್ಪಳದಲ್ಲಿ ಸಿಕ್ಕೀತೇ ಎಂದು ವಿಚಾರಿಸುವುದು ಕ್ಷೇತ್ರ ಕಾರ್ಯಕರ್ತರ ಕೆಲಸ.

ಭೇಟಿಯ ವೇಳೆಯೂ ಮುಖ್ಯ. ಹನ್ನೊಂದು ಗಂಟೆಗೆ ಹೋದರೆ ಮುದುಕರೂ ಎಳೆ ಮಕ್ಕಳೂ ಮಾತ್ರ ಸಿಗುತ್ತಾರೆ, ಉಳಿದವರೆಲ್ಲ ಅಷ್ಟರಲ್ಲಿ ಬೀದಿ ಹಿಡಿದಿರುತ್ತಾರೆ. ಬೆಳಿಗ್ಗೆ ಅವರು ಹೊರಡುವ ಮುನ್ನ ಇಲ್ಲವೆ ದೀಪ ಹಚ್ಚುವ ಹೊತ್ತಿಗೆ, ವಾರದ ನಿಗದಿತ ದಿನ, ಅದೇ ಇಬ್ಬರು ಹೋಗಬೇಕು. ಬುಡಗ ಜಂಗಮರ ಮನೆಮಾತು ತೆಲುಗು, ಹರಣಶಿಕಾರಿಗಳದು ವಾಗ್ರಿ. ಕನ್ನಡ ಮಾತ್ರ ಬಲ್ಲ ಕಾರ್ಯಕರ್ತರಿಗೆ ಬಿಡಾರದ ಗಂಡಸರು ಹೇಳಿದಷ್ಟೇ ತಿಳಿಯುತ್ತದೆ, ಹೆಂಗಸರ ಮಾತು ತಿಳಿಯುವುದಿಲ್ಲ. ಆದ್ದರಿಂದ ಆ ಸಮುದಾಯಗಳಿಂದಲೇ ಒಬ್ಬಿಬ್ಬರನ್ನು, ಹೆಂಗಸರಾದರೆ ಇನ್ನೂ ಒಳ್ಳೆಯದು, ಸಂಬಳ ಕೊಟ್ಟು ಸೇರಿಸಿಕೊಳ್ಳಿ. ಗೌರವಧನದ ಹೆಸರಿನಲ್ಲಿ ಅವರಿಂದ ಪುಕ್ಕಟೆ ದುಡಿಸಿಕೊಳ್ಳುವ ಪದ್ಧತಿ ನಮ್ಮ ಸಂಸ್ಥೆಗಳಲ್ಲಿ ಸಲೀಸಾಗಿ ನಡೆದುಬಂದಿದೆ. ನೀವಾದರೂ ಅದನ್ನು ಮುಂದುವರಿಸಬೇಡಿ.

ಮೊದಲ ಭೇಟಿಗಳಲ್ಲಿ ಅರ್ಜಿ ನಮೂನೆಯನ್ನೂ ಮೊಬೈಲ್ ಕ್ಯಾಮೆರಾವನ್ನೂ ಚೀಲದಿಂದ ತೆಗೆಯದಿರುವುದು ಕ್ಷೇಮ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಅದರ ಮುಂದಿನ ರೂಪಗಳೂ 1952ರಲ್ಲಿ ರದ್ದಾಗುವವರೆಗೆ, ಇಂಥ ಅನೇಕ ಸಮುದಾಯಗಳ ಹೆಸರು ಬರೆದುಕೊಳ್ಳಲು ಬರುತ್ತಿದ್ದವರು ಪೊಲೀಸರು. ಹೆಬ್ಬೆರಳೊತ್ತಿ ಹಾಜರಿ ಕೊಟ್ಟ ಅಜ್ಜಂದಿರ ಮೊಮ್ಮಕ್ಕಳು ಇಂದು ನಿಮ್ಮ ಪುಸ್ತಕವನ್ನು ಅನುಮಾನದಿಂದ ನೋಡಿದರೆ ಅದಕ್ಕೆ ಕಾರಣವಿದೆ.

ಇನ್ನು ಮೇಲಿನವರ ಲೆಕ್ಕ. ಮಂಚದ ಸಂಖ್ಯೆ ಬರೆಯುವ ಕಾಲಂ ಇದ್ದೇ ಇರಲಿ. ಅದರ ಕೆಳಗೆ ಭೇಟಿ ಕೊಟ್ಟ ಬಿಡಾರ, ಕೈಗೆ ಬಂದ ದಾಖಲೆ, ಶಾಲೆಗೆ ಸೇರಿದ ಮಗು, ಆಸ್ಪತ್ರೆಗೆ ಜೊತೆಯಲ್ಲಿ ಹೋದದ್ದು ಎಂದು ನೀವೇ ಸಾಲುಗಳನ್ನು ಸೇರಿಸಿ ಪ್ರತಿ ತಿಂಗಳೂ ತಪ್ಪದೆ ಕಳುಹಿಸಿ. ಕೇಳದಿದ್ದರೂ ಬರುವ ಅಂಕಿಗಳನ್ನು ಕಚೇರಿಗಳು ಒಂದಲ್ಲ ಒಂದು ದಿನ ತಮ್ಮ ವರದಿಗೆ ಸೇರಿಸಿಕೊಳ್ಳುತ್ತವೆ.

ಪ್ರಶ್ನೆ: ಇವರಲ್ಲಿ ಹಲವರಿಗೆ ಸ್ವಂತ ಊರಿನಲ್ಲಿ ನಿವೇಶನ, ಮನೆ ಎರಡೂ ಇವೆ. ಭಿಕ್ಷೆಗಾಗಿ ನಗರಕ್ಕೆ ಬರುವವರನ್ನು ವಸತಿರಹಿತರೆಂದು ಕರೆದು ಸೇವೆ ಕೊಟ್ಟರೆ ಇನ್ನಷ್ಟು ಜನ ಬರುವುದಿಲ್ಲವೇ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಕೆಲವರಿಗೆ ಊರಿನಲ್ಲಿ ಒಂದು ಗೋಡೆ ಇರುವುದು ನಿಜ. ಆ ಊರಿನಲ್ಲಿ ಹೊಲವಿಲ್ಲ, ಕೂಲಿ ವರ್ಷವಿಡೀ ಇಲ್ಲ ಎಂಬುದೂ ಅಷ್ಟೇ ನಿಜ. ಜನಗಣತಿಯು 2011ರ ಫೆಬ್ರವರಿ 28ರ ರಾತ್ರಿ ಮನೆಯಿಲ್ಲದವರನ್ನು ಎಣಿಸಿದಾಗ, ರಸ್ತೆ ಬದಿ, ರೈಲು ನಿಲ್ದಾಣ, ಮೇಲ್ಸೇತುವೆಯ ಅಡಿ, ಗುಡಿಯ ಮಂಟಪಗಳಲ್ಲಿ ಆ ರಾತ್ರಿ ಮಲಗಿದವರು ಯಾರು ಎಂದು ನೋಡಿತು. ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನ ಸಿಕ್ಕರು. ಹಳ್ಳಿಯಲ್ಲಿ ಗೋಡೆ ಇದ್ದ ಮಾತ್ರಕ್ಕೆ ಬೈಪಾಸ್ ಬದಿಯ ಮಗುವಿಗೆ ಜ್ವರ ಬರುವುದು ತಪ್ಪುವುದಿಲ್ಲ.

ಭಿಕ್ಷೆಯ ಮಾತಿಗೆ ಬಂದರೆ, ನಮ್ಮ ಜಿಲ್ಲೆಯ ದರೋಜಿಯ ಈರಮ್ಮ ಬುಡಗ ಜಂಗಮ ಸಮುದಾಯದವರು. 2014ರಲ್ಲಿ ತೀರಿಕೊಂಡ ಈ ಬುರ್ರಕಥಾ ಕಲಾವಿದೆಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವವನ್ನು ಕೊಟ್ಟಿತ್ತು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಿದೆ. ಊರೂರು ತಿರುಗಿ ಕಥೆ ಹೇಳಿ, ಗೊಂಬೆಯಾಡಿಸಿ ಕಾಳುಕಡಿ ಪಡೆಯುವುದು ಈ ಜನರ ಕಸುಬಾಗಿತ್ತು. ಟಿವಿ ಬಂದು ಆಟ ಕೇಳುವವರು ಕಡಿಮೆಯಾದ ಮೇಲೆ ಕೆಲವರು ಪಿನ್ನು ಮಾರಲು, ಕೆಲವರು ಚಿಂದಿ ಆಯಲು, ಕೆಲವರು ಕೈಚಾಚಲು ನಗರಕ್ಕೆ ಬಂದರು. ಲಸಿಕೆ ಮತ್ತು ಶಾಲೆಯ ಆಸೆಗೆ ಜನ ಗುಂಪುಗಟ್ಟಿ ಬಂದುಬಿಡುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಬಂದರೂ ಅದು ದೂರಬೇಕಾದ ಸಂಗತಿಯಲ್ಲ.

ಪ್ರಶ್ನೆ: ರಾಯಚೂರಿನ ರೈಲು ನಿಲ್ದಾಣದ ಸುತ್ತ ಇರುವ ಕುಟುಂಬಗಳಿಗೆ ದಾಖಲೆ ಮಾಡಿಸಿಕೊಡಲು ಹೊರಟಿದ್ದೇವೆ. ಎಲ್ಲೆಡೆ ವಿಳಾಸ ಕೇಳುತ್ತಾರೆ. ಎಲ್ಲಿಂದ ಆರಂಭಿಸಬೇಕು?
– ಸಮಾಜಕಾರ್ಯ ವಿದ್ಯಾರ್ಥಿನಿ, ರಾಯಚೂರು

ಉತ್ತರ: ಅವರಲ್ಲಿ ಏನಿದೆ ಎಂದು ನೋಡುವುದರಿಂದ. ಹೆಚ್ಚಿನ ಟೆಂಟುಗಳಲ್ಲಿ ಗಳಕ್ಕೆ ಕಟ್ಟಿದ ಒಂದು ಪ್ಲಾಸ್ಟಿಕ್ ಚೀಲವಿರುತ್ತದೆ. ಅದನ್ನು ಬಿಚ್ಚಿಸಿ, ಚಾಪೆಯ ಮೇಲೆ ಒಂದೊಂದಾಗಿ ಹರಡಿಸಿ. ಲ್ಯಾಮಿನೇಟ್ ಮಾಡಿಸಿದ ಆಧಾರ್ ಕಾರ್ಡು, ಹೆಸರು ಬೇರೆಯಾಗಿ ಬಿದ್ದ ಇನ್ನೊಂದು ಕಾರ್ಡು, ಮಡಿಕೆಯಲ್ಲಿ ಹರಿದ ತಾಯಿ ಕಾರ್ಡು, ಎಂದೋ ಮುಗಿದ ಬ್ಯಾಂಕ್ ಪಾಸ್‌ಬುಕ್ಕು, ಯಾವುದೋ ಚುನಾವಣೆಯ ಚೀಟಿ ಹೀಗೆ ಸಿಗುತ್ತವೆ. ಎಲ್ಲದರ ಮೇಲೂ ಒಂದೇ ಹೆಸರು, ಒಂದೇ ತಂದೆಯ ಹೆಸರು, ಒಂದೇ ಜನ್ಮವರ್ಷ ಇದೆಯೇ ಎಂದು ಹೋಲಿಸಿ ಬರೆದುಕೊಳ್ಳಿ. ಅರ್ಧದಷ್ಟು ತೊಡಕು ದಾಖಲೆ ಇಲ್ಲದ್ದರಿಂದಲ್ಲ, ಇರುವ ದಾಖಲೆಗಳು ಒಂದಕ್ಕೊಂದು ಹೊಂದದ್ದರಿಂದ ಹುಟ್ಟಿರುತ್ತದೆ.

ಆಧಾರ್ ಇಲ್ಲದವರಿಗೆ, ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ವಿಳಾಸದ ಆಧಾರವಾಗುತ್ತದೆ. ಮತದಾರರ ಪಟ್ಟಿಗೆ ನಮೂನೆ 6ರಲ್ಲಿ ಅವರು ಮಲಗುವ ಜಾಗವನ್ನೇ ಬರೆಯಬಹುದು. ಮತಗಟ್ಟೆ ಅಧಿಕಾರಿ ರಾತ್ರಿ ಹೊತ್ತು ಬಂದು ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ವಾಸದ ದಾಖಲೆಯನ್ನು ಕೇಳುವಂತಿಲ್ಲ. ಚುನಾವಣಾ ಆಯೋಗದ ಈ ಸೂಚನೆ ಕೆಳಹಂತದ ಸಿಬ್ಬಂದಿಗೆ ಹಲವು ಸಲ ಗೊತ್ತಿರುವುದಿಲ್ಲ, ಮುದ್ರಿಸಿ ಕೈಯಲ್ಲಿಟ್ಟುಕೊಂಡು ಹೋಗಿ. ಮಕ್ಕಳನ್ನು ಶಾಲೆಗೆ ಸೇರಿಸಲು ಯಾವ ದಾಖಲೆಗೂ ಕಾಯಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ವಯಸ್ಸಿನ ಪುರಾವೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಹುಟ್ಟಿ ಒಂದು ವರ್ಷ ದಾಟಿದ ಮಗುವಿನ ಜನನ ನೋಂದಣಿಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಒಂದೊಂದೇ ಅರ್ಜಿಯನ್ನು ಹೊತ್ತು ತಿರುಗುವ ಬದಲು ಇಡೀ ಬಿಡಾರದ ಅರ್ಜಿಗಳನ್ನು ಒಟ್ಟಿಗೆ ಸಲ್ಲಿಸಿ, ಒಂದೇ ದಿನ ವಿಚಾರಣೆ ನಡೆಸುವಂತೆ ಕೋರುವುದು ಜಾಣತನ.

ಜಾತಿ ಪ್ರಮಾಣಪತ್ರ ಎಲ್ಲಕ್ಕಿಂತ ಕಠಿಣ, ಬುಡಗ ಜಂಗಮರ ವಿಷಯದಲ್ಲಂತೂ ಹೇಳತೀರದು. ಪರಿಶಿಷ್ಟ ಜಾತಿ ಪಟ್ಟಿಯಲ್ಲಿರುವ ಈ ಹೆಸರನ್ನು ಬೇರೆಯವರೂ ಹೇಳಿಕೊಂಡು ಪ್ರಮಾಣಪತ್ರ ಪಡೆಯುತ್ತಾರೆಂಬ ವಿವಾದ ರಾಜ್ಯದಲ್ಲಿ ವರ್ಷಗಳಿಂದ ನಡೆದಿದೆ. ಅದರ ಪರಿಣಾಮವಾಗಿ, ಟೆಂಟಿನಲ್ಲಿರುವ ನಿಜವಾದ ಬುಡಗ ಜಂಗಮನ ಅರ್ಜಿಯ ಮೇಲೂ ಅಧಿಕಾರಿಗಳು ಸಹಿ ಹಾಕಲು ಹಿಂಜರಿಯುತ್ತಾರೆ. ರಕ್ತಸಂಬಂಧಿಗಳ ಹಳೆಯ ಪ್ರಮಾಣಪತ್ರ, ಶಾಲೆಯ ದಾಖಲಾತಿ, ಬಿಡಾರದ ಹಿರಿಯರ ಹೇಳಿಕೆ ಮತ್ತು ವಂಶವೃಕ್ಷವನ್ನು ಜೋಡಿಸಿ, ಸ್ಥಳ ಮಹಜರಿಗೆ ತಹಶೀಲ್ದಾರರ ಸಿಬ್ಬಂದಿಯನ್ನು ಬಿಡಾರಕ್ಕೇ ಕರೆಸಿಕೊಳ್ಳಿ. ಕಚೇರಿಯ ಕಿಟಕಿಯಲ್ಲಿ ನಿಂತ ಒಬ್ಬ ಮನುಷ್ಯನ ಜಾತಿ ಕಾಣಿಸುವುದಿಲ್ಲ; ಬಿಡಾರದಲ್ಲಿ ಮಾತು, ಕಸುಬು, ನೆಂಟಸ್ತಿಕೆ ಎಲ್ಲವೂ ಎದುರಿಗೇ ಇರುತ್ತವೆ.

ಪ್ರಶ್ನೆ: ನನ್ನ ಮಗಳು ಕೆನಡಾದ ವಿನಿಪೆಗ್‌ನಲ್ಲಿದ್ದಾಳೆ. ಅಲ್ಲಿನ ಮೂಲನಿವಾಸಿಗಳಲ್ಲಿ ಬೀದಿಯ ಮೇಲಿರುವವರೇ ಹೆಚ್ಚು ಕಾಣಿಸುತ್ತಾರಂತೆ. ಅವರಿಗೆ ಸೇವೆ ಕೊಡುವ ರೀತಿಯಿಂದ ನಾವು ಕಲಿಯಬಹುದಾದದ್ದು ಇದೆಯೇ?
– ನಿವೃತ್ತ ಶಿಕ್ಷಕರು, ಕೊಪ್ಪಳ

ಉತ್ತರ: ಇದೆ. ಕೆನಡಾದ ಜನಸಂಖ್ಯೆಯಲ್ಲಿ ಮೂಲನಿವಾಸಿಗಳು ಶೇ. 5ರಷ್ಟು, 2018ರಲ್ಲಿ ಹಲವು ನಗರಗಳಲ್ಲಿ ಒಟ್ಟಾಗಿ ನಡೆದ ವಸತಿರಹಿತರ ಎಣಿಕೆಯಲ್ಲಿ ಅವರ ಪಾಲು ಶೇ. 30ರಷ್ಟಿತ್ತು. ಭೂಮಿ ಕಳೆದುಕೊಂಡದ್ದು, ಮಕ್ಕಳನ್ನು ಮನೆಯಿಂದ ಎತ್ತೊಯ್ದು ಭಾಷೆ ಮರೆಸಿದ ವಸತಿ ಶಾಲೆಗಳು, ಊರು ಬಿಟ್ಟು ನಗರ ಸೇರಿದವರಿಗೆ ಬಾಡಿಗೆ ಮನೆ ಸಿಗದಿರುವುದು, ಇವೆಲ್ಲ ಅದರ ಹಿಂದಿವೆ. ಮೇಟಿ-ಕ್ರೀ ಎಂಬ ಮೂಲನಿವಾಸಿ ಮನೆತನದ ವಿದ್ವಾಂಸ ಜೆಸ್ಸಿ ಥಿಸಲ್ 2017ರಲ್ಲಿ ರೂಪಿಸಿದ ವ್ಯಾಖ್ಯೆಯಂತೆ, ಮೂಲನಿವಾಸಿಗಳ ಪಾಲಿಗೆ ಮನೆಯಿಲ್ಲದಿರುವುದು ಕಟ್ಟಡವಿಲ್ಲದಿರುವುದಷ್ಟೇ ಅಲ್ಲ. ನೆಲ, ನೀರು, ಬಂಧುಬಳಗ, ಭಾಷೆ, ಸಂಸ್ಕೃತಿಗಳೊಡನೆ ಇದ್ದ ನಂಟು ಕಡಿದುಹೋಗುವುದೂ ಹೌದು. ಥಿಸಲ್ ಸ್ವತಃ ವರ್ಷಗಟ್ಟಲೆ ಬೀದಿಯಲ್ಲಿ ಬದುಕಿದವರು. 2019ರಲ್ಲಿ ಆರಂಭವಾದ ಕೆನಡಾ ಸರ್ಕಾರದ ವಸತಿರಹಿತರ ಯೋಜನೆಯಲ್ಲಿ ಮೂಲನಿವಾಸಿಗಳಿಗೆಂದು ಪ್ರತ್ಯೇಕ ಅನುದಾನದ ಭಾಗವಿದೆ, ಸೇವೆಯನ್ನು ಬಹುಮಟ್ಟಿಗೆ ಅವರದೇ ಸಂಸ್ಥೆಗಳು ಕೊಡುತ್ತವೆ.

ಆ ಚರಿತ್ರೆಯನ್ನು ತಂದು ನಮ್ಮ ಬಿಡಾರಗಳಿಗೆ ಅಂಟಿಸಲಾಗದು. ಅಲೆದಾಟ ಇಲ್ಲಿನವರ ಕಸುಬಿನ ಭಾಗವಾಗಿತ್ತು, ಮೇಲಾಗಿ ಜಾತಿಯ ಶ್ರೇಣಿಯಲ್ಲಿ ಅವರಿಗೊಂದು ಕೆಳಗಿನ ಜಾಗವೂ ನಿಗದಿಯಾಗಿತ್ತು. ಆದರೆ ಹಣದ ನಿರ್ಧಾರವನ್ನು ಸಮುದಾಯದ ಕೈಗೆ ಕೊಡುವ ಕ್ರಮವನ್ನು ನಾವು ತೆಗೆದುಕೊಳ್ಳಬಹುದು. ನಮ್ಮ ಆಶ್ರಯ ಕೇಂದ್ರಗಳ ನಿರ್ವಹಣಾ ಸಮಿತಿಯಲ್ಲಿ ಅಲೆಮಾರಿ ಸಮುದಾಯದ ಒಬ್ಬರಾದರೂ ಇದ್ದಾರೆಯೇ ಎಂದು ಕೇಳುವುದರಿಂದ ಅದು ಶುರುವಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ನಾವು ಮಾಡಬೇಕಾದ ವಿಶೇಷ ಏರ್ಪಾಡು ಏನು?
– ಓದುಗರು, ರಾಯಚೂರು

ಉತ್ತರ: ರಾತ್ರಿ ಆಶ್ರಯದ ಕಲ್ಪನೆಯೇ ಉತ್ತರ ಭಾರತದ ಚಳಿಯಿಂದ ಬಂದದ್ದು. ನಮ್ಮ ಕಡೆ ಜೀವಕ್ಕೆ ಸಂಚಕಾರ ತರುವುದು ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ. ಆ ಎರಡು ತಿಂಗಳು ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಸರ್ಕಾರಕ್ಕೆ, ಪ್ಲಾಸ್ಟಿಕ್ ಹಾಳೆಯ ಕೆಳಗಿರುವ ಕೂಸಿಗೆ ಬಿಸಿಲು ತಾಗುತ್ತದೆಂದು ವಿವರಿಸಬೇಕಾಗಿ ಬರಬಾರದು. ಕೇಂದ್ರವನ್ನು ಹಗಲೂ ತೆರೆದಿಡಿಸಿ. ಬಿಡಾರದ ಹತ್ತಿರ ದಿನಕ್ಕೊಮ್ಮೆ ನೀರಿನ ಟ್ಯಾಂಕರ್, ಪ್ಲಾಸ್ಟಿಕ್ ಹೊದಿಕೆಯ ಮೇಲೆ ಹಾಸಲು ಜೊಂಡು ಅಥವಾ ಹಳೆಯ ಗೋಣಿ, ಆಶಾ ಕಾರ್ಯಕರ್ತೆಯ ಕೈಯಲ್ಲಿ ಓಆರ್‌ಎಸ್ ಪೊಟ್ಟಣಗಳು, ಇಷ್ಟು ಸಾಕು.

ಪ್ರಶ್ನೆ: ಗಣ್ಯರು ಬರುತ್ತಾರೆಂದು ಟೆಂಟುಗಳನ್ನು ತೆರವುಗೊಳಿಸುವಾಗ ನಮ್ಮನ್ನೇ ಮುಂದೆ ನಿಲ್ಲಿಸಿ, ನೀವು ಹೇಳಿದರೆ ಅವರು ಕೇಳುತ್ತಾರೆ ಎನ್ನುತ್ತಾರೆ. ಹೋಗಬೇಕೇ?
– ಕ್ಷೇತ್ರ ಕಾರ್ಯಕರ್ತರು, ಗಂಗಾವತಿ

ಉತ್ತರ: ಹೋಗಬೇಡಿ. ತೆರವಿನ ವಾಹನದ ಪಕ್ಕದಲ್ಲಿ ಒಮ್ಮೆ ಕಂಡ ಮುಖವನ್ನು ಬಿಡಾರ ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮುಂಬಯಿಯ ಪಾದಚಾರಿ ಮಾರ್ಗದ ನಿವಾಸಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1985ರಲ್ಲೇ ಜೀವನೋಪಾಯವನ್ನು ಜೀವಿಸುವ ಹಕ್ಕಿನ ಭಾಗವೆಂದು ಒಪ್ಪಿದೆ. ತೆರವನ್ನು ಅದು ನಿಷೇಧಿಸಿಲ್ಲವಾದರೂ ನೋಟಿಸು ಕೊಟ್ಟು ಅಹವಾಲು ಕೇಳುವುದು ಸಾಮಾನ್ಯ ನಿಯಮವೆಂದಿದೆ. ಪಿನ್ನು, ಬಾಚಣಿಗೆ ಮಾರುವ ಹೆಂಗಸರಿಗೆ 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯೂ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಅವರನ್ನು ವ್ಯಾಪಾರದ ಜಾಗದಿಂದ ಎಬ್ಬಿಸುವಂತಿಲ್ಲ. ಆದ್ದರಿಂದ ಸಮೀಕ್ಷೆಯಲ್ಲಿ ಅವರ ಹೆಸರು ಬರುವಂತೆ ಈಗಲೇ ನೋಡಿಕೊಳ್ಳಿ. ತೆರವಿನ ಆದೇಶದ ಪ್ರತಿಯನ್ನು ಲಿಖಿತವಾಗಿ ಕೇಳಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅಂದೇ ಅರ್ಜಿ ಕೊಡಿ, ಟೆಂಟು ಬಿಚ್ಚುವುದು ಅನಿವಾರ್ಯವಾದರೆ ದಾಖಲೆಯ ಚೀಲವನ್ನು ಮೊದಲು ತೆಗೆದಿಡಲು ಬಿಡಾರದವರಿಗೆ ಹಿಂದಿನ ದಿನವೇ ತಿಳಿಸಿ.