ನಿಮ್ಮ ‘ಶೂನ್ಯ ಮೊತ್ತದ ಆಟ’ ಲೇಖನದ ಬಗ್ಗೆ

ನಮಸ್ಕಾರ,

ನೀವು ಕಳಿಸಿದ ‘ಬದುಕೇ ಒಂದು ಶೂನ್ಯ ಮೊತ್ತದ ಆಟ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಭಾಷೆ ಸರಾಗವಾಗಿದೆ. ಆದರೆ ತಲೆಬರಹದ ಪದವನ್ನೇ ಬೇಕಾದ ಕಡೆಗೆಲ್ಲ ಎಳೆದಾಡಿದ್ದೀರಿ.

ಗಂಡ ಹೆಂಡತಿಯ ಜಗಳ ಹೇಳಿ, ‘ಕೊನೆಗೆ ಇಬ್ಬರಿಗೂ ಸಿಕ್ಕಿದ್ದು ಸೊನ್ನೆ, ಇದೇ ಶೂನ್ಯ ಮೊತ್ತ’ ಎಂದಿದ್ದೀರಿ. ಅಲ್ಲ. ಇಬ್ಬರೂ ಕಳೆದುಕೊಂಡರೆ ಮೊತ್ತ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಒಬ್ಬರ ಗಳಿಕೆ, ಇನ್ನೊಬ್ಬರ ನಷ್ಟ ಎರಡನ್ನೂ ಕೂಡಿದಾಗ ಸೊನ್ನೆ ಬಂದರೆ ಮಾತ್ರ ಆ ಹೆಸರು. ಇದನ್ನು ‘ಪುರಾತನ ಸಿದ್ಧಾಂತ’ ಎಂದೂ ಕರೆದಿದ್ದೀರಿ. ಗಣಿತಜ್ಞ ಜಾನ್ ವಾನ್ ನಾಯ್ಮನ್ ಇಂಥ ಆಟಗಳ ಬಗ್ಗೆ ತನ್ನ ಪ್ರಮೇಯ ಪ್ರಕಟಿಸಿದ್ದು 1928ರಲ್ಲಿ. ಅಷ್ಟೇನೂ ಪುರಾತನ ಅಲ್ಲ, ಅಲ್ವಾ?

ತಮಾಷೆ ಅಂದ್ರೆ, ಸರಿಯಾದ ಉದಾಹರಣೆ ನಿಮ್ಮ ಐದನೇ ಪುಟದಲ್ಲೇ ಇದೆ. ಮಾವನ ಮನೆ ಜಗಲಿಯ ಇಸ್ಪೀಟಾಟ. ನಾಲ್ಕು ಜನ ತಲಾ ನೂರು ರೂಪಾಯಿ ಇಟ್ಟುಕೊಂಡು ಕೂರುತ್ತಾರೆ. ಏಳುವಾಗ ಒಬ್ಬರ ಹತ್ತಿರ 260, ಇನ್ನೊಬ್ಬರ ಹತ್ತಿರ 90, ಮತ್ತೊಬ್ಬರ ಹತ್ತಿರ 50. ಮಾವನ ಜೇಬು ಖಾಲಿ. ಕೂಡಿ ನೋಡಿ, ಅದೇ ನಾನೂರು. ದುಡ್ಡು ಹುಟ್ಟಲಿಲ್ಲ, ಸಾಯಲಿಲ್ಲ, ಕೈ ಬದಲಾಯಿಸಿತು ಅಷ್ಟೆ. ಇದೇ ಆಟವನ್ನು ಕ್ಲಬ್ಬಿನಲ್ಲಿ ಆಡಿದರೆ ಕ್ಲಬ್ಬಿನವರು ತಮ್ಮ ಪಾಲು ಮುರಿದುಕೊಳ್ಳುತ್ತಾರೆ. ಆಗ ಆಡುವವರ ಲೆಕ್ಕ ಮೈನಸ್ಸು. ಮುಂದಿನ ದಿನಾಂಕದ ಕೊಡುಕೊಳ್ಳುವಿಕೆಗೆ ಈಗಲೇ ಬೆಲೆ ಗೊತ್ತುಮಾಡಿಕೊಳ್ಳುವ ಫ್ಯೂಚರ್ಸ್ ವಹಿವಾಟೂ, ಬ್ರೋಕರೇಜು, ತೆರಿಗೆ ಕಳೆದ ಮೇಲೆ, ಹೀಗೇ. ಇಟ್ಟುಕೊಂಡ ಷೇರು ಹಾಗಲ್ಲ. ಕಂಪನಿ ಬೆಳೆದರೆ ಷೇರು ಇರುವವರೆಲ್ಲರೂ ಗಳಿಸಬಹುದು. ನೀವು ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ.

ಸಂತೆಯಲ್ಲಿ ಟೊಮೆಟೊ ಕೊಂಡ ಭಾಗದಲ್ಲೂ ಸ್ವಲ್ಪ ಎಡವಿದ್ದೀರಿ. ಮಾರುವಾಕೆ ಕಿಲೋಗೆ 30 ಅಂದರು, ನೀವು 20ಕ್ಕೆ ಇಳಿಸಿದಿರಿ. ಆ ಹತ್ತು ರೂಪಾಯಿಯ ಎಳೆದಾಟ ಮಾತ್ರ ಶೂನ್ಯ ಮೊತ್ತದ್ದು. ವ್ಯಾಪಾರ ಅಲ್ಲ. ಸಂಜೆಗೆ ಉಳಿದ ಹಣ್ಣು ಅವರ ಬುಟ್ಟಿಯಲ್ಲಿ ಕೊಳೆಯುತ್ತದೆ, ನಿಮಗೆ ಸಾರು ಮಾಡಲು ಬೇಕು. ಕೊಂಡಿದ್ದರಿಂದ ಇಬ್ಬರಿಗೂ ಒಳ್ಳೆಯದೇ ಆಯಿತು.

ಕಾವೇರಿಯನ್ನು ಮಾತ್ರ ಎರಡೇ ಸಾಲಿಗೆ ಮುಗಿಸಿದ್ದು ನನಗೆ ಬೇಜಾರಾಯಿತು. ಕಾವೇರಿ ನ್ಯಾಯಮಂಡಳಿಯ 2007ರ ಐತೀರ್ಪು 740 ಟಿಎಂಸಿ ನೀರಿನಲ್ಲಿ ಕರ್ನಾಟಕಕ್ಕೆ 270, ತಮಿಳುನಾಡಿಗೆ 419 ಹಂಚಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ 14.75 ಹೆಚ್ಚಿಸಿತು, ಅವರಿಗೆ ಅಷ್ಟೇ ಇಳಿಸಿತು. ಕಾಗದದ ಮೇಲೆ ಅಪ್ಪಟ ಶೂನ್ಯ ಮೊತ್ತ. ಆದರೆ ಕೋರ್ಟ್ ಕೊಟ್ಟ ಕಾರಣಗಳಲ್ಲಿ ತಮಿಳುನಾಡಿನ ಅಂತರ್ಜಲವೂ ಒಂದು. ಆ ನೀರು 740ರೊಳಗೆ ಇರಲೇ ಇಲ್ಲ! ಇನ್ನು ಮಳೆ ಕೈಕೊಟ್ಟ ವರ್ಷ ಹಂಚಲು 740 ಎಲ್ಲಿರುತ್ತದೆ? ಆಗ ಮಂಡ್ಯದ ಗದ್ದೆಯೂ ಒಣಗುತ್ತದೆ, ತಂಜಾವೂರಿನದೂ ಒಣಗುತ್ತದೆ. ಏನನ್ನು ಕೂಡುತ್ತಿದ್ದೇವೆ ಎಂದು ಮೊದಲು ಹೇಳದೆ ಈ ಪದ ಬಳಸಬೇಡಿ ಅನ್ನುವುದು ಇದಕ್ಕೇ.

ಮೊದಲ ಎರಡು ಪುಟ ತೆಗೆದುಬಿಡಿ. ಸುಮ್ನೆ ಪೀಠಿಕೆ. ಜಗಲಿಯಿಂದ ಶುರು ಮಾಡಿ, ಕಾವೇರಿಗೆ ಜಾಸ್ತಿ ಜಾಗ ಕೊಡಿ, ದಾಂಪತ್ಯವನ್ನು ಪೂರ್ತಿ ಬಿಡಿ. 800 ಪದ ಸಾಕು. ಮಾವನ ಹೆಸರು ಬದಲಾಯಿಸಿ. ಅವರು ಸೋತಿದ್ದು ಅತ್ತೆಗೆ ಇನ್ನೂ ಗೊತ್ತಿಲ್ಲ ಎಂದು ನೀವೇ ಬರೆದಿದ್ದೀರಿ.