ಗುಂಡು ಹಾರಿಸಿದವನೇ ಪುಸ್ತಕ ಬರೆದರೆ

ಪ್ರಶ್ನೆ: ಅಮೆರಿಕದ ಪಶ್ಚಿಮ ಸೀಮೆಯ ಷೆರಿಫರು ಮತ್ತು ದರೋಡೆಕೋರರ ಕುರಿತು ಓದುವ ಚಟ ಹತ್ತಿದೆ. ದರೋಡೆಕೋರ ಬಿಲ್ಲಿ ದ ಕಿಡ್ ಬಗ್ಗೆ ಮೂರು ಪುಸ್ತಕ ಓದಿದೆ, ಮೂರರಲ್ಲೂ ಮೂರು ಬಗೆಯ ಕತೆ. ಅವನನ್ನು ಕೊಂದ ಷೆರಿಫನೇ ಒಂದು ಪುಸ್ತಕ ಬರೆದಿದ್ದಾನಂತೆ. ಅದನ್ನಾದರೂ ನಂಬಬಹುದಲ್ಲವೇ?

ಉತ್ತರ: ನಂಬಬೇಡಿ. ಆದರೆ ಓದದೆ ಬಿಡಲೂ ಬೇಡಿ.

ಆ ಷೆರಿಫ ಪ್ಯಾಟ್ ಗ್ಯಾರೆಟ್‌ನ ಪುಸ್ತಕ ಅಚ್ಚಾದದ್ದು 1882ರಲ್ಲಿ, ಬಿಲ್ಲಿ ಸತ್ತ ಮರುವರ್ಷ. ಗವರ್ನರ್ ಘೋಷಿಸಿದ್ದ 500 ಡಾಲರ್ ಬಹುಮಾನ ಅವನ ಕೈಗೆ ಸುಲಭವಾಗಿ ಬಂದಿರಲಿಲ್ಲ. ಮೇಲಾಗಿ, ಕತ್ತಲಲ್ಲಿ ಕೂತು ಹುಡುಗನನ್ನು ಹೊಡೆದ ಎಂದು ಜನ ಆಡಿಕೊಳ್ಳುತ್ತಿದ್ದರು. ಇಂಥ ಹೊತ್ತಿನಲ್ಲಿ ಒಬ್ಬ ಬರೆಯುವುದು ಚರಿತ್ರೆಯಲ್ಲ, ಜವಾಬು. ಅದನ್ನೂ ಪೂರ್ತಿ ಅವನೇ ಬರೆಯಲಿಲ್ಲ. ಆಶ್ ಅಪ್ಸನ್ ಎಂಬ ಪತ್ರಕರ್ತ ಗೆಳೆಯ ಲೇಖನಿ ಹಿಡಿದ. ಮೊದಲ ಅಧ್ಯಾಯಗಳ ಅಲಂಕಾರ, ಆವೇಶ ಎಲ್ಲ ಅವನದೇ. ಕೊನೆಯ ಅಧ್ಯಾಯಗಳಿಗೆ ಬಂದರೆ ಭಾಷೆ ಒಣಗಿ, ಪೊಲೀಸ್ ವರದಿಯ ಹಾಗಾಗುತ್ತದೆ. ಅಲ್ಲಿ ಗ್ಯಾರೆಟ್ ಕೇಳಿಸುತ್ತಾನೆ. ಬಿಲ್ಲಿ 1859ರ ನವೆಂಬರ್ 23ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದನೆಂದು ಪುಸ್ತಕ ಹೇಳುತ್ತದೆ. ಅಪ್ಸನ್ ಹುಟ್ಟಿದ್ದೂ ನವೆಂಬರ್ 23ರಂದೇ! ಇದನ್ನು ತಿಳಿದ ದಿನ ನಾನು ಒಬ್ಬನೇ ಕೂತು ನಕ್ಕಿದ್ದೇನೆ.

ಇಂಥ ಪುಸ್ತಕಗಳನ್ನು ಪೆನ್ಸಿಲ್ ಇಲ್ಲದೆ ಓದಬಾರದು ಎಂಬುದು ನನ್ನ ಹಟ. ರೋಚಕವಾದ ಪ್ರತಿ ಸಾಲಿನ ಪಕ್ಕ ‘ಕಂಡವರು ಯಾರು?’ ಎಂದು ಗೀಚುತ್ತೇನೆ. 1881ರ ಜುಲೈ 14ರ ರಾತ್ರಿಯನ್ನೇ ತೆಗೆದುಕೊಳ್ಳಿ. ಫೋರ್ಟ್ ಸಮ್ನರ್‌ನಲ್ಲಿ ಪೀಟ್ ಮ್ಯಾಕ್ಸ್‌ವೆಲ್ ಎಂಬವನ ಮಲಗುವ ಕೋಣೆ, ಒಳಗೆ ದೀಪವಿಲ್ಲ. ಗ್ಯಾರೆಟ್ ಹಾಸಿಗೆಯ ಪಕ್ಕ ಕೂತಿದ್ದಾನೆ. ಬಿಲ್ಲಿ ಬೂಟಿಲ್ಲದ ಕಾಲಲ್ಲಿ ಒಳಬಂದು ‘ಯಾರದು?’ ಎಂದು ಸ್ಪ್ಯಾನಿಷ್‌ನಲ್ಲಿ ಕೇಳುತ್ತಾನೆ. ಎರಡು ಗುಂಡು, ಮುಗಿಯಿತು. ಆ ಕೋಣೆಯಿಂದ ಬದುಕಿ ಹೊರಬಂದವರು ಗ್ಯಾರೆಟ್ ಮತ್ತು ಮ್ಯಾಕ್ಸ್‌ವೆಲ್ ಇಬ್ಬರೇ. ಮ್ಯಾಕ್ಸ್‌ವೆಲ್ ಪುಸ್ತಕ ಬರೆಯಲಿಲ್ಲ. ಹೊರಗೆ ಜಗಲಿಯಲ್ಲಿ ಕಾದಿದ್ದ ಸಹಾಯಕ ಜಾನ್ ಪೋ ತನ್ನ ನೆನಪುಗಳನ್ನು ಬಹಳ ವರ್ಷಗಳ ನಂತರ ಬರೆದ. ಗ್ಯಾರೆಟ್ ಹೊರಬಂದಾಗ, ನೀನು ಬೇರೆ ಯಾರನ್ನೋ ಹೊಡೆದಿದ್ದೀಯ ಎಂದೆ, ಎನ್ನುತ್ತಾನೆ ಪೋ. ಇಬ್ಬರನ್ನೂ ಅಕ್ಕಪಕ್ಕ ಇಟ್ಟು ಓದಿ. ಇನ್ನು ಬಿಲ್ಲಿಯದು 21 ವರ್ಷಕ್ಕೆ 21 ಕೊಲೆ ಎಂಬ ಲೆಕ್ಕವನ್ನು ಲಾವಣಿಕಾರರಿಗೆ ಬಿಟ್ಟುಬಿಡಿ. ಇತಿಹಾಸಕಾರರು ಒಂಬತ್ತರ ಆಸುಪಾಸಿನಲ್ಲಿ ನಿಲ್ಲುತ್ತಾರೆ, ಅದರಲ್ಲೂ ಅವನೊಬ್ಬನೇ ಕೊಂದದ್ದು ನಾಲ್ವರನ್ನು.

ಪ್ರಶ್ನೆ: ಗುಂಡಿನ ಕಾಳಗದಿಂದ ಹೆಸರಾದ ಕಾನೂನು ಪಾಲಕ ವಯಟ್ ಅರ್ಪ್ ಬಗ್ಗೆ ಸ್ಟುವರ್ಟ್ ಲೇಕ್ ಬರೆದ ಹಳೆಯ ಜೀವನಚರಿತ್ರೆ ಸಿಕ್ಕಿದೆ. ಅರ್ಪ್ ತಾನೇ ಹೇಳಿ ಬರೆಸಿದ್ದೆಂದು ಕೇಳಿದ್ದೇನೆ. ಕೊಳ್ಳಲೇ?

ಉತ್ತರ: ಅಗ್ಗಕ್ಕೆ ಸಿಕ್ಕಿದರೆ ಕೊಳ್ಳಿ, ಕಾದಂಬರಿಗಳ ಕಪಾಟಿನಲ್ಲಿಡಿ. ಹರೆಯದಲ್ಲಿ ಅದನ್ನು ಓದಿ ಅಕ್ಷರಕ್ಷರ ನಂಬಿದವನು ನಾನು. ಹನ್ನೆರಡು ಅಂಗುಲದ ನಳಿಗೆಯ ಪಿಸ್ತೂಲನ್ನು ಅರ್ಪ್‌ಗೆ ಕಾಣಿಕೆ ಕೊಟ್ಟ ಕತೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ! ಆ ಪಿಸ್ತೂಲಿಗೆ ಕಾರ್ಖಾನೆಯ ದಾಖಲೆಯೇ ಇಲ್ಲ ಎಂದು ಗೊತ್ತಾದಾಗ ಮುಖ ಸಣ್ಣದಾಯಿತು. ಪುಸ್ತಕ ಬಂದದ್ದು 1931ರಲ್ಲಿ, ಅರ್ಪ್ 1929ರಲ್ಲೇ ತೀರಿಕೊಂಡಿದ್ದ. ಅವನ ಬಾಯಲ್ಲಿ ಹಾಕಿದ ಉದ್ದುದ್ದ ಮಾತುಗಳು ಅವನವಲ್ಲ ಎಂದು ಲೇಕ್ ಮುಂದೆ ಪತ್ರವೊಂದರಲ್ಲಿ ಒಪ್ಪಿಕೊಂಡ.

ನಿಮಗೆ ಬೇಕಾದದ್ದು ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣದ ನ್ಯಾಯಾಲಯದ ಸಾಕ್ಷ್ಯಗಳನ್ನು ಜಾಲಾಡಿ ಬರೆದ ಪುಸ್ತಕ. 1881ರ ಅಕ್ಟೋಬರ್ 26ರಂದು ಅರ್ಪ್ ಸಹೋದರರಿಗೂ ಅವರ ವಿರೋಧಿ ಕೌಬಾಯ್‌ಗಳಿಗೂ ಆದ ಆ ಹೆಸರುವಾಸಿ ಗುಂಡಿನ ಕಾಳಗ ನಡೆದದ್ದು ಜನ ಹೇಳುವಂತೆ ಓ.ಕೆ. ಕೊರಾಲ್ ಎಂಬ ಕುದುರೆ ದೊಡ್ಡಿಯೊಳಗೆ ಅಲ್ಲ, ಛಾಯಾಚಿತ್ರಗಾರನ ಮನೆಯ ಪಕ್ಕದ ಕಿರಿದಾದ ಖಾಲಿ ನಿವೇಶನದಲ್ಲಿ. ಸುಮಾರು 30 ಸೆಕೆಂಡು, ಸುಮಾರು 30 ಗುಂಡು, ಮೂರು ಹೆಣ. ಅಂದು ಪಟ್ಟಣದ ಮಾರ್ಷಲ್, ಅಂದರೆ ಪೊಲೀಸ್ ಮುಖ್ಯಸ್ಥ, ಆಗಿದ್ದವನು ಅಣ್ಣ ವರ್ಜಿಲ್, ವಯಟ್ ಅಲ್ಲ. ಸತ್ತವರಲ್ಲಿ ಒಬ್ಬನಾದ ಟಾಮ್ ಮೆಕ್ಲೌರಿಯ ಮೈಮೇಲೆ ಆಯುಧ ಸಿಗಲಿಲ್ಲ. ಕೈಯೆತ್ತಿದ್ದವರನ್ನು ಹೊಡೆದರು ಎಂದು ಕೆಲವು ಸಾಕ್ಷಿಗಳು, ಇಲ್ಲ, ಅವರೇ ಪಿಸ್ತೂಲಿಗೆ ಕೈಹಾಕಿದರು ಎಂದು ಉಳಿದವರು. ಊರಿನ ಎರಡು ಪತ್ರಿಕೆಗಳು ಎರಡು ಪಕ್ಷ. ನ್ಯಾಯಾಧೀಶ ಸ್ಪೈಸರ್ ಸುಮಾರು ಒಂದು ತಿಂಗಳು ಕೇಳಿ ಅರ್ಪ್‌ಗಳನ್ನು ಬಿಟ್ಟುಬಿಟ್ಟ. ಈ ಗೊಂದಲವನ್ನು ಗೊಂದಲವಾಗಿಯೇ ಉಳಿಸುವ ಲೇಖಕ ಸಿಕ್ಕಿದರೆ ಬಿಡಬೇಡಿ.

ಪ್ರಶ್ನೆ: ಓದಲೇಬೇಕಾದ ಒಬ್ಬನೇ ಒಬ್ಬ ಕಾನೂನು ಪಾಲಕ?

ಉತ್ತರ: ಬ್ಯಾಸ್ ರೀವ್ಸ್. ಗುಲಾಮನಾಗಿ ಹುಟ್ಟಿ, 1875ರಿಂದ ಮೂರು ದಶಕ ಇಂಡಿಯನ್ ಟೆರಿಟರಿಯಲ್ಲಿ (ಇಂದಿನ ಓಕ್ಲಹೋಮ) ಕೇಂದ್ರ ಸರ್ಕಾರದ ಡೆಪ್ಯುಟಿ ಮಾರ್ಷಲ್ ಆಗಿದ್ದವನು. ಓದು ಬರಹ ಬಾರದು. ವಾರಂಟನ್ನು ಇನ್ನೊಬ್ಬರಿಂದ ಓದಿಸಿ ಬಾಯಿಪಾಠ ಮಾಡಿಕೊಂಡು ಹೊರಡುತ್ತಿದ್ದ. ಸೊಸೆಯನ್ನು ಕೊಂದ ಸ್ವಂತ ಮಗನ ವಾರಂಟನ್ನೂ ತಾನೇ ಕೇಳಿ ಪಡೆದು, ಹಿಡಿದು ತಂದ. ಪುಸ್ತಕ ಬರೆಯದ ಮನುಷ್ಯನಾದ್ದರಿಂದ ಅವನು ಬಹುಕಾಲ ಯಾರ ಕಪಾಟಿಗೂ ಸೇರಲಿಲ್ಲ. ಆರ್ಟ್ ಬರ್ಟನ್ ದಾಖಲೆಗಳನ್ನು ಹೆಕ್ಕಿ ಬರೆದ ಜೀವನಚರಿತ್ರೆ 2006ರಲ್ಲಿ ಬಂತು, ಅಲ್ಲಿಂದ ಶುರುಮಾಡಿ. ರೇಡಿಯೊ, ಟಿವಿ ಕತೆಗಳ ಮುಖವಾಡ ತೊಟ್ಟ ನಾಯಕ ಲೋನ್ ರೇಂಜರ್‌ಗೆ ರೀವ್ಸ್‌ನೇ ಮಾದರಿ ಇದ್ದಿರಬಹುದು ಎಂಬ ಊಹೆಯೂ ಅದರಲ್ಲಿದೆ. ನನ್ನ ಪ್ರತಿಯಲ್ಲಿ ಆ ಪುಟದ ಅಂಚಿನಲ್ಲಿ ಮಾತ್ರ ಪೆನ್ಸಿಲ್ ಎರಡು ಸಲ ಓಡಿದೆ.